ಸಂಬಳವಿಲ್ಲದ ವರ್ಷಗಳ ಲೆಕ್ಕ
ನರ್ಸಿಂಗ್ ವಿದ್ಯಾರ್ಥಿಗಳಿಗೂ ಅವರ ಮನೆಯವರಿಗೂ ಒಂದು ಪಾಠ



ಹೆಬ್ಬಳ್ಳಿಯಂಥ ಹಳ್ಳಿಗಳಿಂದ ಪ್ರತಿವರ್ಷ ಹೆಣ್ಣುಮಕ್ಕಳು, ಈಗೀಗ ಗಂಡುಮಕ್ಕಳೂ ನರ್ಸಿಂಗ್ ಕಲಿಯಲು ಧಾರವಾಡ-ಹುಬ್ಬಳ್ಳಿಗೆ ಬರುತ್ತಾರೆ. ಜಿ.ಎನ್.ಎಂ. ಆದರೆ ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ಆದರೆ ನಾಲ್ಕು ವರ್ಷ. ಈ ವರ್ಷಗಳಲ್ಲಿ ಕೈಗೆ ಸಂಬಳ ಬರುವುದಿಲ್ಲ, ಖರ್ಚು ಮಾತ್ರ ನಿಲ್ಲುವುದಿಲ್ಲ. ಓದನ್ನು ಅರ್ಧಕ್ಕೇ ಬಿಟ್ಟು ಊರಿಗೆ ಮರಳುವವರೆಲ್ಲ ಬುದ್ಧಿಯಲ್ಲಿ ಹಿಂದೆ ಬಿದ್ದವರಲ್ಲ. ಹಣದ ತೊಂದರೆಯನ್ನು ಯಾರಿಗೂ ಹೇಳದೆ ಬಚ್ಚಿಟ್ಟು, ಕೊನೆಗೆ ದಾರಿ ಕಾಣದೆ ಹೋದವರೂ ಅವರಲ್ಲಿದ್ದಾರೆ. ಆ ಸ್ಥಿತಿ ನಿಮಗೆ ಬಾರದಿರಲು ಏನು ಮಾಡಬೇಕೆಂಬುದೇ ಇಂದಿನ ಪಾಠ.

ದುಡಿಯುತ್ತಾ ಓದಬಾರದೇ?

ಬೇರೆ ಕಾಲೇಜಿನ ಮಕ್ಕಳು ಮಧ್ಯಾಹ್ನದ ನಂತರ ಅಂಗಡಿಯಲ್ಲೋ ಕಚೇರಿಯಲ್ಲೋ ದುಡಿಯುವುದುಂಟು. ನರ್ಸಿಂಗ್ ವಿದ್ಯಾರ್ಥಿಗೆ ಅದು ಸುಲಭವಲ್ಲ. ತರಗತಿಯ ಜೊತೆಗೆ ವಾರ್ಡಿನ ಡ್ಯೂಟಿ ಇರುತ್ತದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಪರೀಕ್ಷೆಗೆ ಕೂರಲು ಶೇಕಡಾ 80ರಷ್ಟು ಹಾಜರಿ ಬೇಕು. ಪದವಿ ಕೈಗೆ ಬರುವ ಮುನ್ನ ಪ್ರಾಯೋಗಿಕ ತರಬೇತಿಯ ಪ್ರತಿ ವಿಭಾಗದಲ್ಲೂ ಶೇಕಡಾ 100 ಹಾಜರಿ ತುಂಬಲೇಬೇಕು. ತಪ್ಪಿಸಿದ ಡ್ಯೂಟಿಯನ್ನು ಮತ್ತೆ ಮಾಡದೆ ಗತಿಯಿಲ್ಲ.

"ಸಣ್ಣ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಇದೆ, ಬಾ" ಎಂದು ಯಾರಾದರೂ ಕರೆದರೆ ಎರಡು ಸಲ ಯೋಚಿಸಿ. ಓದು ಮುಗಿದು ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಣಿಯಾಗುವವರೆಗೆ ನೀವು ವಿದ್ಯಾರ್ಥಿ, ನರ್ಸ್ ಅಲ್ಲ. ಮೇಲ್ವಿಚಾರಣೆಯಿಲ್ಲದೆ ಕೊಟ್ಟ ಒಂದು ತಪ್ಪು ಇಂಜೆಕ್ಷನ್ ಒಬ್ಬ ರೋಗಿಯ ಜೀವವನ್ನೂ ನಿಮ್ಮ ಮುಂದಿನ ಬದುಕನ್ನೂ ಕೆಡಿಸಬಲ್ಲದು. ರಜೆಯ ದಿನ ನೆರೆಮನೆಯ ಮಕ್ಕಳಿಗೆ ಒಂದೆರಡು ತಾಸು ಪಾಠ ಹೇಳಿಕೊಟ್ಟರೆ ತಪ್ಪಿಲ್ಲ, ಆದರೆ ಆ ಹಣವನ್ನೇ ನಂಬಿಕೊಳ್ಳಬೇಡಿ.

ಸುಗ್ಗಿಯ ಹಣ, ತಿಂಗಳ ಖರ್ಚು

ನಮ್ಮ ಎರಿ ಭೂಮಿಯ ಮನೆಗಳಿಗೆ ಹಣ ತಿಂಗಳು ತಿಂಗಳು ಬರುವುದಿಲ್ಲ. ಹೆಸರು ಬಂದಾಗ ಆಗಸ್ಟ್-ಸೆಪ್ಟೆಂಬರಿನಲ್ಲಿ ಒಂದಿಷ್ಟು, ಹತ್ತಿ ಮತ್ತು ಮೆಣಸಿನಕಾಯಿ ಮಾರಿದಾಗ ಚಳಿಗಾಲದಲ್ಲಿ ಒಂದಿಷ್ಟು, ಕಡಲೆ-ಜೋಳದ ಸುಗ್ಗಿಗೆ ಇನ್ನೊಂದಿಷ್ಟು. ಕಾಲೇಜಿನ ಶುಲ್ಕವಾಗಲಿ ಪರೀಕ್ಷಾ ಶುಲ್ಕವಾಗಲಿ ಸುಗ್ಗಿಗಾಗಿ ಕಾಯುವುದಿಲ್ಲ. 2021ರ ಹೊಸ ನಿಯಮಾವಳಿಯ ನಂತರ ಬಿ.ಎಸ್ಸಿ. ನರ್ಸಿಂಗಿಗೆ ಸೆಮಿಸ್ಟರ್ ಪದ್ಧತಿ ಬಂದಿರುವುದರಿಂದ ಪರೀಕ್ಷೆಯ ಖರ್ಚು ವರ್ಷಕ್ಕೆ ಎರಡು ಸಲ ಎದುರಾಗುತ್ತದೆ.

ಆದ್ದರಿಂದ ಮೊದಲ ಕೆಲಸ, ಒಟ್ಟಿಗೆ ಬಂದ ಹಣವನ್ನು ತಿಂಗಳುಗಳಿಗೆ ಹಂಚುವುದು. ಒಂದು ಉದಾಹರಣೆ ನೋಡಿ. ಹಾಸ್ಟೆಲ್ ಮತ್ತು ಊಟದ ಹಣವನ್ನು ಮನೆಯವರು ಬೇರೆ ಕಟ್ಟಿದ್ದಾರೆ. ಹತ್ತಿ ಮಾರಿ ಜನವರಿಯಲ್ಲಿ ನಿಮ್ಮ ಕೈಗೆ 18,000 ರೂಪಾಯಿ ಕೊಟ್ಟರು. ಮುಂದಿನ ಹಣ ಸೆಪ್ಟೆಂಬರಿಗೆ. ಅಂದರೆ ಇದು ಎಂಟು ತಿಂಗಳಿಗೆ ಸಾಲಬೇಕು. ಮೊದಲು ಪರೀಕ್ಷೆ, ಯೂನಿಫಾರ್ಮ್ ಇತ್ಯಾದಿಗೆಂದು 2,000 ತೆಗೆದಿಡಿ. ಉಳಿದ 16,000ವನ್ನು ಎಂಟರಿಂದ ಭಾಗಿಸಿದರೆ ತಿಂಗಳಿಗೆ 2,000. ಅದರ ಹಂಚಿಕೆ ಹೀಗಿರಬಹುದು:

ಮೊಬೈಲ್ – 300
ಸಾಬೂನು, ಎಣ್ಣೆ, ಪ್ಯಾಡ್ ಮುಂತಾದ ದಿನಬಳಕೆ – 400
ನೋಟ್‌ಬುಕ್, ರೆಕಾರ್ಡ್, ಜೆರಾಕ್ಸ್ – 400
ಓಡಾಟ – 200
ಹೊರಗಿನ ತಿಂಡಿ – 300
ಔಷಧಿ – 200
ಉಳಿತಾಯ – 200

ನಿಮ್ಮ ಅಂಕಿಗಳು ಬೇರೆ ಇರಬಹುದು. ಹಣ ಕೈಗೆ ಬಂದ ದಿನವೇ ಹಂಚಿಕೆ ಆಗಬೇಕು. ಮೊದಲ ಎರಡು ತಿಂಗಳು ಧಾರಾಳವಾಗಿ ಖರ್ಚು ಮಾಡಿದವರು ಜೂನ್ ತಿಂಗಳಲ್ಲಿ, ಬಿತ್ತನೆಯ ಬೀಜ-ಗೊಬ್ಬರಕ್ಕೆ ಮನೆಯಲ್ಲೇ ಹಣವಿಲ್ಲದಾಗ, ಅಪ್ಪನ ಮುಂದೆ ಕೈಚಾಚಬೇಕಾಗುತ್ತದೆ.

ಹಣಕ್ಕೂ ಒಂದು ಚಾರ್ಟ್

ವಾರ್ಡಿನಲ್ಲಿ ರೋಗಿಯ ಇನ್‌ಟೇಕ್-ಔಟ್‌ಪುಟ್ ಚಾರ್ಟ್ ಬರೆಯಲು ನಿಮಗೆ ಕಲಿಸುತ್ತಾರೆ. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂಬುದನ್ನು ಆ ಹೊತ್ತಿಗೇ ಬರೆಯಬೇಕು. ಸಂಜೆ ನೆನಪಿನಿಂದ ಬರೆದರೆ ಅದು ಚಾರ್ಟ್ ಅಲ್ಲ. ನಿಮ್ಮ ಹಣಕ್ಕೂ ಇದೇ ಶಿಸ್ತು ಸಾಕು. ಒಂದು ಚಿಕ್ಕ ನೋಟ್‌ಬುಕ್ಕಿನ ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಚಹಾದ ಹತ್ತು ರೂಪಾಯಿಯನ್ನೂ ಬರೆಯಿರಿ. ಫೋನಿನಲ್ಲಿ ಹಣ ಕಳಿಸುವ ಈ ಕಾಲದಲ್ಲಿ ನೋಟು ಕೈಬಿಟ್ಟುಹೋಗುವ ನೋವು ತಿಳಿಯುವುದಿಲ್ಲ, ಆದ್ದರಿಂದ ಬರೆಯುವ ಅಗತ್ಯ ಇನ್ನೂ ಹೆಚ್ಚು. ಭಾನುವಾರ ಕುಳಿತು ಕೂಡಿಸಿ. ದುರ್ಗದಬೈಲಿನ ಗಿರ್ಮಿಟ್-ಮಿರ್ಚಿಗೆ ಎಷ್ಟು ಹೋಯಿತು, ಪುಸ್ತಕಕ್ಕೆ ಎಷ್ಟು ಹೋಯಿತು ಎಂಬುದು ಕಣ್ಣಿಗೆ ಬಿದ್ದರೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ.

ಉಳಿಸುವ ದಾರಿಗಳು

ಪಠ್ಯಪುಸ್ತಕಗಳನ್ನು ಹಿರಿಯ ವಿದ್ಯಾರ್ಥಿಗಳಿಂದ ಅರ್ಧ ಬೆಲೆಗೆ ಕೊಳ್ಳಬಹುದು, ಆದರೆ ಹೊಸ ಪಠ್ಯಕ್ರಮಕ್ಕೆ ಹೊಂದುತ್ತವೆಯೇ ಎಂದು ಅಧ್ಯಾಪಕರನ್ನು ಮೊದಲು ಕೇಳಿ. ಊರಿಗೆ ಹೋಗಿಬರಲು ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಹುಬ್ಬಳ್ಳಿ-ಧಾರವಾಡದ ನಡುವಿನ ಹವಾನಿಯಂತ್ರಿತ ಚಿಗರಿ ಬಸ್ಸಿಗೆ ಟಿಕೆಟ್ ಬೇಕು. ಅವಸರವಿಲ್ಲದ ದಿನ ಸಾಮಾನ್ಯ ಬಸ್ಸೇ ಸಾಕು. ಗಂಡುಮಕ್ಕಳು ವಿದ್ಯಾರ್ಥಿ ಪಾಸ್ ಮಾಡಿಸಿಕೊಳ್ಳಿ.

ಒಂದು ಎಚ್ಚರಿಕೆ. ಊಟದಲ್ಲಿ ಉಳಿಸಬೇಡಿ. ಉಪವಾಸದಲ್ಲಿ ಎಂಟು ತಾಸು ನಿಂತು ಡ್ಯೂಟಿ ಮಾಡಲಾಗದು. ಡ್ಯೂಟಿಗೆ ಹಾಕುವ ಬೂಟಿನ ವಿಷಯದಲ್ಲೂ ಅಗ್ಗದ ಆಸೆ ಬೇಡ.

ಕೇಳಿ ಪಡೆಯಬೇಕಾದ ನೆರವು

ಸಮಾಜ ಕಲ್ಯಾಣ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಇಲಾಖೆಗಳ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್.ಎಸ್.ಪಿ. ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು 3ಬಿ ಯಲ್ಲಿದ್ದಾರೆ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿದ್ದಾರೆ. ನಾಡಕಚೇರಿಯಿಂದ ಪಡೆದ ಪ್ರಮಾಣಪತ್ರದಲ್ಲಿ ಇದು ಸರಿಯಾಗಿದೆಯೇ ನೋಡಿಕೊಳ್ಳಿ. ಮಂಜೂರಾದ ಹಣ ಆಧಾರ್ ಜೋಡಣೆಯಾದ ಖಾತೆಗೆ ಮಾತ್ರ ಬರುತ್ತದೆ. ಜೋಡಣೆ ತಪ್ಪಿದ್ದರಿಂದಲೇ ಹಣ ಬಾರದೆ ಹೋಗುವುದುಂಟು, ಬ್ಯಾಂಕಿಗೆ ಹೋಗಿ ಖಚಿತಪಡಿಸಿಕೊಳ್ಳಿ. ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ, ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ಮಂಡಳಿಯ ಸಹಾಯಧನ, ಇವುಗಳ ಬಗೆಗೂ ಪ್ರತಿವರ್ಷ ವಿಚಾರಿಸಿ. ಹಲವು ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಸದ್ದಿಲ್ಲದೆ ನೆರವಾಗುತ್ತಾರೆ. ನಿಮ್ಮ ಗುರುಗಳಲ್ಲಿ ಕೇಳಲು ನಾಚಿಕೆ ಬೇಡ.

ಸಾಲ ಮಾಡಬೇಕಾದರೆ

ಬ್ಯಾಂಕಿನ ಶಿಕ್ಷಣ ಸಾಲ 4 ಲಕ್ಷ ರೂಪಾಯಿಯವರೆಗೆ ಆಸ್ತಿಯ ಅಡಮಾನವಿಲ್ಲದೆ ಸಿಗುತ್ತದೆ. ಓದು ಮುಗಿಯುವವರೆಗೆ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಓಡುತ್ತಿರುತ್ತದೆ. ವರ್ಷಕ್ಕೆ 75,000ದಂತೆ ನಾಲ್ಕು ವರ್ಷ ಪಡೆದಿರೆಂದುಕೊಳ್ಳಿ. ಶೇಕಡಾ 10ರ ಸರಳ ಬಡ್ಡಿ ಹಿಡಿದರೂ ನಾಲ್ಕನೆಯ ವರ್ಷದ ಕೊನೆಗೆ 3 ಲಕ್ಷ ಅಸಲಿನ ಮೇಲೆ 75,000 ಬಡ್ಡಿ ಸೇರಿರುತ್ತದೆ. ಆದ್ದರಿಂದ ಶುಲ್ಕಕ್ಕೆ ಬೇಕಾದಷ್ಟನ್ನೇ ತೆಗೆದುಕೊಳ್ಳಿ, ಹೊಸ ಫೋನಿಗೆ ಬೇಡ.

ಊರಿನಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯೆಂದರೆ ಸಣ್ಣದೆನಿಸುತ್ತದೆ. ವರ್ಷಕ್ಕೆ ಅದು ಶೇಕಡಾ 36. ಹತ್ತು ಸಾವಿರಕ್ಕೆ 3,600 ರೂಪಾಯಿ ಬಡ್ಡಿಯೇ ಆಯಿತು! ಇದಕ್ಕಿಂತ ಅಪಾಯ ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಅಕ್ರಮ ಆ್ಯಪ್‌ಗಳದು. ನಿಮ್ಮ ಫೋಟೊ, ಗೆಳತಿಯರ ನಂಬರು ಎಲ್ಲವನ್ನೂ ಎಳೆದುಕೊಂಡು, ಮರುಪಾವತಿ ತಡವಾದರೆ ಮಾನ ಕಳೆಯುವ ಬೆದರಿಕೆ ಹಾಕುತ್ತವೆ. ಇಂಥದ್ದರಲ್ಲಿ ಸಿಕ್ಕಿಕೊಂಡಿದ್ದರೆ ಇನ್ನೊಂದು ಆ್ಯಪ್‌ನಿಂದ ಸಾಲ ತೆಗೆದು ತೀರಿಸಲು ಹೋಗಬೇಡಿ. 1930 ಸಂಖ್ಯೆಗೆ ಕರೆ ಮಾಡಿ, ಆ ದಿನವೇ ಮನೆಯಲ್ಲಿ ಹೇಳಿ.

ಜ್ವರ ಏರುವ ಮುನ್ನ ಹೇಳಿ

ರೋಗಿಯ ಜ್ವರ ಏರತೊಡಗಿದರೆ ನೀವು ಬೆಳಗಿನವರೆಗೆ ಕಾಯುತ್ತೀರಾ? ತಕ್ಷಣ ಸಿಸ್ಟರಿಗೆ ತಿಳಿಸುತ್ತೀರಿ. ಹಣದ ಕೊರತೆಯೂ ಹಾಗೆಯೇ. ಐನೂರು ರೂಪಾಯಿ ಕಡಿಮೆ ಬಿದ್ದಾಗ ಹೇಳಿದರೆ ಅದು ಒಂದು ಮಾತಿನಲ್ಲಿ ಮುಗಿಯುತ್ತದೆ. ಐವತ್ತು ಸಾವಿರದ ಸಾಲವಾದ ಮೇಲೆ ಹೇಳಿದರೆ ಮನೆಯೇ ನಡುಗುತ್ತದೆ. ಶುಲ್ಕದ ದಿನ ಹತ್ತಿರ ಬಂದು ಹಣ ಹೊಂದದಿದ್ದರೆ ಕೊನೆಯ ದಿನಕ್ಕೆ ಮೊದಲೇ ಪ್ರಾಂಶುಪಾಲರ ಬಳಿ ಹೋಗಿ, ಕಂತುಗಳಲ್ಲಿ ಕಟ್ಟಲು ಅವಕಾಶ ಕೊಡಿರೆಂದು ಬರವಣಿಗೆಯಲ್ಲಿ ಕೇಳಿಕೊಳ್ಳಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆದು ಜೋಪಾನವಾಗಿಡಿ.

ತಂದೆತಾಯಂದಿರೇ, ನಿಮಗೂ ಒಂದು ಮಾತು. ಮಗಳು ಹಣದ ವಿಷಯ ಎತ್ತಿದ ಕೂಡಲೇ "ನಾವು ಹೊಟ್ಟೆ ಕಟ್ಟಿ ಕಳಿಸಿದ್ದು ಇದಕ್ಕೇನು?" ಎಂದು ಗದರಿದರೆ ಮುಂದಿನ ಸಲ ಅವಳು ನಿಮಗೆ ಹೇಳುವುದಿಲ್ಲ, ಬೇರೆ ಯಾರಿಗೋ ಹೇಳುತ್ತಾಳೆ. ಆ ಬೇರೆಯವರು ಒಳ್ಳೆಯವರೇ ಆಗಿರಬೇಕೆಂದಿಲ್ಲ. ಮೊದಲು ಲೆಕ್ಕ ನೋಡಿ, ಆಮೇಲೆ ಮಾತಾಡಿ. ಈ ವರ್ಷ ಬೆಳೆ ಹೇಗಿದೆ, ಎಷ್ಟು ಕೊಡಬಲ್ಲೆವು ಎಂಬುದನ್ನು ನೀವೂ ಬಿಚ್ಚಿ ಹೇಳಿ. ಮನೆಯ ಸ್ಥಿತಿ ತಿಳಿದ ಮಕ್ಕಳು ಹಣವನ್ನು ಹಗುರವಾಗಿ ಖರ್ಚು ಮಾಡುವುದಿಲ್ಲ.

ಆ ತಿಂಗಳ 200 ರೂಪಾಯಿಯ ಉಳಿತಾಯವನ್ನು ಮಾತ್ರ ಕೊನೆಯವರೆಗೂ ಮುಟ್ಟಬೇಡಿ. ನಾಲ್ಕು ವರ್ಷದಲ್ಲಿ ಅದು 9,600 ರೂಪಾಯಿ ಆಗುತ್ತದೆ. ನೋಂದಣಿ ಶುಲ್ಕ, ಪ್ರಮಾಣಪತ್ರಗಳು, ಸಂದರ್ಶನದ ಓಡಾಟ – ಮೊದಲ ಸಂಬಳ ಬರುವ ಮುನ್ನ ಎದುರಾಗುವ ಈ ಖರ್ಚುಗಳಿಗೆ ಆಗ ಯಾರ ಮುಂದೆಯೂ ನಿಲ್ಲಬೇಕಾಗಿ ಬರುವುದಿಲ್ಲ.

ಮನೆಯಲ್ಲಿ ಕೂಡಿ ಚರ್ಚಿಸಿ

1. ಮುಂದಿನ ಶುಲ್ಕ ಯಾವ ತಿಂಗಳು? ಆ ಹೊತ್ತಿಗೆ ಮನೆಗೆ ಯಾವ ಬೆಳೆಯ ಹಣ ಬರುತ್ತದೆ?
2. ಈ ವರ್ಷ ಯಾವ ಯಾವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೇವೆ? ಯಾವ ಕಾಗದ ಇನ್ನೂ ಬಾಕಿ ಇದೆ?
3. ಹಣ ಕಡಿಮೆ ಬಿದ್ದರೆ ಮಗ ಅಥವಾ ಮಗಳು ಮೊದಲು ಯಾರಿಗೆ ಹೇಳಬೇಕು? ಅವರಿಗೆ ಹೇಳಲು ಹೆದರಿಕೆ ಇದೆಯೇ?