ಊರಿನ ವಿದ್ಯುತ್ತೋ, ದೇಶದ ಜಾಲವೋ?

ಬೆಂಗಳೂರಿನ ಪಶ್ಚಿಮಕ್ಕಿರುವ ಹೇರೋಹಳ್ಳಿಯಲ್ಲಿ ಲೇತೊಂದು ತಿರುಗುತ್ತಿದೆ ಎಂದು ಭಾವಿಸೋಣ. ಅದಕ್ಕೆ ಬೇಕಾದ ವಿದ್ಯುಚ್ಛಕ್ತಿಯನ್ನು ಸರಕಾರಿ ಒಡೆತನದ ಬೆಸ್ಕಾಂ ಒದಗಿಸುತ್ತದೆ. ಆ ಬಡಾವಣೆಗೆಂದೇ ಖಾಸಗಿಯವರು ಒಂದು ವಿದ್ಯುದಾಗಾರವನ್ನು ನಡೆಸಿದರೆ ಸಾಲದೆ? ದೇಶವ್ಯಾಪಿ ಜಾಲದ ಹಂಗೇಕೆ?

ಲೇತು ಹೊರಡುವ ಕ್ಷಣದಲ್ಲಿ ಹೆಚ್ಚಿನ ಪ್ರವಾಹವನ್ನು ಸೆಳೆಯುತ್ತದೆಯಷ್ಟೆ. ತಂತಿಯಲ್ಲಿ ವಿದ್ಯುತ್ತಿನ ದಾಸ್ತಾನು ಇರುವುದಿಲ್ಲ. ಬೇಡಿಕೆ ಏರಿದೊಡನೆ ಆ ಕೊರತೆಯನ್ನು ತಿರುಗುವ ಜನಕಯಂತ್ರದ ಚಲನಶಕ್ತಿಯೇ ತುಂಬಬೇಕು. ಆಗ ಯಂತ್ರದ ವೇಗ ಕುಗ್ಗುತ್ತದೆ. ಸೆಕೆಂಡಿಗೆ 50 ಇರಬೇಕಾದ ಆವರ್ತಾಂಕವೂ ಇಳಿಯುತ್ತದೆ. ಒಂಟಿಯಾದ ಚಿಕ್ಕ ವಿದ್ಯುದಾಗಾರಕ್ಕೆ ಈ ಪೆಟ್ಟು ದೊಡ್ಡದೇ. ನೂರಾರು ಜನಕಯಂತ್ರಗಳು ಒಂದೇ ತಾಳಕ್ಕೆ ತಿರುಗುವ ಜಾಲದಲ್ಲಾದರೋ ಅದು ಎಲ್ಲಕ್ಕೂ ಹಂಚಿಹೋಗಿ ನಗಣ್ಯವಾಗುತ್ತದೆ. ಒಂಟಿಗನಿಗೆ ಇನ್ನೊಂದು ಹೊರೆಯೂ ಉಂಟು: ಇರುವ ಯಂತ್ರ ಕೆಟ್ಟರೆ ಇರಲಿ ಎಂದು ಅಂಥದೇ ಮತ್ತೊಂದನ್ನು ಸುಮ್ಮನೆ ಇಟ್ಟುಕೊಂಡಿರಬೇಕು. ಅದರ ಬೆಲೆ ಬೀಳುವುದು ಗ್ರಾಹಕನ ತಲೆಯ ಮೇಲೆಯೇ.

ದೂರವೆಂಬ ಅಡ್ಡಿಯನ್ನಂತೂ ಮೈಸೂರು ಸಂಸ್ಥಾನವು 1902ರಲ್ಲಿಯೇ ದಾಟಿತ್ತು. ಸರಕಾರದ ಶಿವನಸಮುದ್ರ ವಿದ್ಯುದಾಗಾರದಿಂದ ಸುಮಾರು 147 ಕಿಲೋಮೀಟರು ಆಚೆ, ಕೋಲಾರದ ಖಾಸಗಿ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ವೋಲ್ಟೇಜನ್ನು ಹತ್ತು ಮಡಿ ಏರಿಸಿದರೆ ಅಷ್ಟೇ ಶಕ್ತಿಯನ್ನು ಸಾಗಿಸಲು ಹತ್ತರಲ್ಲೊಂದು ಪಾಲು ಪ್ರವಾಹ ಸಾಕು. ತಂತಿಯಲ್ಲಿ ಶಾಖವಾಗಿ ನಷ್ಟವಾಗುವುದು ಮೊದಲಿನ ನೂರರಲ್ಲೊಂದು ಪಾಲು ಮಾತ್ರ.

ಆದರೆ ಕೂಡಿ ತಿರುಗುವ ಯಂತ್ರಗಳು ಕೂಡಿಯೇ ನಿಂತುಹೋಗಲೂಬಹುದು. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದ ಜಾಲಗಳು ಕುಸಿದು, ಸುಮಾರು 60 ಕೋಟಿ ಜನರು ವಾಸಿಸುವ ಪ್ರದೇಶಕ್ಕೆ ವಿದ್ಯುತ್ತು ತಪ್ಪಿತು. ದಕ್ಷಿಣದ ಜಾಲ ಕುಸಿಯಲಿಲ್ಲ. ಅದು ಆಗ ಉಳಿದ ಜಾಲಗಳಿಗೆ ಏಕಮುಖ ಪ್ರವಾಹದ ಕೊಂಡಿಗಳಿಂದಷ್ಟೇ ಸೇರಿತ್ತು. ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ ಬರುವ ಮಾರ್ಗ ಅವುಗಳಲ್ಲೊಂದು. ಏಕಮುಖ ಪ್ರವಾಹಕ್ಕೆ ಆವರ್ತಾಂಕವೆಂಬುದಿಲ್ಲ. ಒಂದು ಬದಿಯ ತಾಳ ತಪ್ಪಿದರೆ ಇನ್ನೊಂದು ಬದಿಯದೂ ತಪ್ಪಬೇಕಾಗಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ನಾವೂ ದೇಶದ ತಾಳಕ್ಕೆ ಸೇರಿದೆವು. ಲಾಭವೇ ಹೆಚ್ಚೆಂದು ನನ್ನ ಎಣಿಕೆ, ಅಪಾಯವಿಲ್ಲವೆನ್ನಲಾರೆ.

ಇನ್ನು ಲಾಭಕ್ಕಾಗಿ ಬರುವ ಕಂಪನಿಯು ಹೇರೋಹಳ್ಳಿಯ ಕಾರ್ಖಾನೆಗಳನ್ನಷ್ಟೇ ಆರಿಸಿಕೊಂಡು ಬಡವರ ಮನೆಗಳನ್ನು ಬೆಸ್ಕಾಂಗೆ ಬಿಟ್ಟರೆ, ಆ ಮನೆಗಳ ಖರ್ಚನ್ನು ಹೊರುವವರು ಯಾರು? ಹಾಗೆಂದು ಎಲ್ಲವೂ ಸರಕಾರದ ಕೈಯಲ್ಲಿಯೇ ಇರಬೇಕೆಂದಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೊಂದು ಸ್ಥಾಪಿತವಾಯಿತು. ಹಂಚಿಕೆಯ ತಂತಿ, ಮೀಟರು, ಬಿಲ್ಲಿನ ವಸೂಲಿ ಎಲ್ಲವೂ ಸಂಘದ್ದು. ವಿದ್ಯುತ್ತನ್ನು ಮಾತ್ರ ಅದು ರಾಜ್ಯದ ಜಾಲದಿಂದ ಸಗಟಾಗಿ ಕೊಳ್ಳುತ್ತದೆ.