ಮಾಗಿಯಲ್ಲಿ ಲಕ್ಷದ್ವೀಪ: ಗಾಳ ಹಿಡಿದು ಹೊರಡುವವರಿಗೆ

ಮೀನುಬೇಟೆಯ ಹವ್ಯಾಸವುಳ್ಳವರು ಚಳಿಗಾಲದ ಬಿಡುವನ್ನು ಉಷ್ಣವಲಯದ ದ್ವೀಪವೊಂದರಲ್ಲಿ ಕಳೆಯಬೇಕೆಂದು ಬಯಸಿದರೆ, ಅವರು ದೂರದೇಶಗಳನ್ನು ಅರಸಬೇಕಾದ ಅಗತ್ಯವಿಲ್ಲ. ಮಂಗಳೂರಿನ ನೈರುತ್ಯಕ್ಕೆ, ಅರಬ್ಬೀ ಸಮುದ್ರದ ನಡುವೆ ಹರಡಿಕೊಂಡಿರುವ ಲಕ್ಷದ್ವೀಪವೇ ಅಂಥವರಿಗೆ ಯೋಗ್ಯವಾದ ಸ್ಥಳ. ಇದು ಕನ್ನಡನಾಡಿಗೆ ಅಪರಿಚಿತವೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ಜನರು ತೆಂಗಿನ ನಾರನ್ನೂ ಕೊಬ್ಬರಿಯನ್ನೂ ಹಾಯಿಹಡಗುಗಳಲ್ಲಿ ಮಂಗಳೂರಿನ ಬಂದರಕ್ಕೆ ತಂದು, ಪ್ರತಿಯಾಗಿ ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ಒಟ್ಟು 32 ಚದರ ಕಿಲೋಮೀಟರಿನಷ್ಟು ನೆಲ, ಅದರಲ್ಲಿ ಜನವಸತಿಯುಳ್ಳ ಹತ್ತು ದ್ವೀಪಗಳು, ಉಳಿದುದೆಲ್ಲ ಹವಳದ ದಿಬ್ಬಗಳೂ ಅಪಾರವಾದ ಜಲರಾಶಿಯೂ ಆಗಿರುವ ಈ ಪ್ರದೇಶದಲ್ಲಿ, ಟ್ಯೂನಾ ಮೀನನ್ನು ಗಾಳದಿಂದ ಒಂದೊಂದಾಗಿ ಹಿಡಿಯುವ ಪ್ರಾಚೀನ ಪದ್ಧತಿ ಇಂದಿಗೂ ಜೀವಂತವಾಗಿದೆ. ಈ ಪದ್ಧತಿಯನ್ನು ಕಣ್ಣಾರೆ ಕಂಡು, ಅದರ ಮಿತಿಯನ್ನು ತಾವೂ ಪಾಲಿಸಿ ಬರುವುದೇ ಯಾತ್ರೆಯ ಮುಖ್ಯೋದ್ದೇಶವಾಗಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಲ

ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನೈರುತ್ಯ ಮಾರುತದ ರಭಸದಿಂದ ಕಡಲು ಕದಡಿರುತ್ತದೆ. ಆಗ ಸಣ್ಣ ದೋಣಿಗಳು ಹವಳದ ದಿಬ್ಬವನ್ನು ದಾಟಿ ಹೊರಗೆ ಹೋಗುವುದು ದುಸ್ಸಾಧ್ಯ. ಹಿಂಗಾರಿನ ಮಳೆ ಹಿಂಜರಿದ ಬಳಿಕ, ಡಿಸೆಂಬರಿನ ಮಧ್ಯದಿಂದ ಮಾರ್ಚಿನ ಕೊನೆಯವರೆಗಿನ ಅವಧಿಯೇ ಸರ್ವಶ್ರೇಷ್ಠವಾದುದು. ಡಿಸೆಂಬರಿನ ಆರಂಭವನ್ನು ನಂಬಲಾಗದು. 2017ರಲ್ಲಿ ಒಖಿ ಚಂಡಮಾರುತವು ಆ ದಿನಗಳಲ್ಲಿಯೇ ಮಿನಿಕಾಯಿ, ಕಲ್ಪೇನಿ ದ್ವೀಪಗಳನ್ನು ಘಾಸಿಗೊಳಿಸಿತು. ಆದುದರಿಂದ ಕಾರ್ಯಕ್ರಮದಲ್ಲಿ ಎರಡು ದಿನಗಳನ್ನಾದರೂ ಖಾಲಿ ಇಟ್ಟುಕೊಳ್ಳುವುದು ವಿವೇಕ.

ಅನುಮತಿ ಮತ್ತು ದಾರಿ

ಇಲ್ಲಿಗೆ ಹೋಗಲು ಭಾರತೀಯರಿಗೂ ಪ್ರವೇಶಾನುಮತಿ ಬೇಕು. ದ್ವೀಪವಾಸಿಗಳ ಹಿತವನ್ನೂ ಸೂಕ್ಷ್ಮವಾದ ಪ್ರಕೃತಿಯನ್ನೂ ಕಾಪಾಡುವುದಕ್ಕಾಗಿ 1967ರಿಂದ ಜಾರಿಯಲ್ಲಿರುವ ನಿಯಮಗಳ ಮೇರೆಗೆ ಇದನ್ನು ಕೊಡಲಾಗುತ್ತದೆ. ಗುರುತಿನ ಚೀಟಿ, ಭಾವಚಿತ್ರ ಮುಂತಾದ ದಾಖಲೆಗಳನ್ನು ಸಿದ್ಧಪಡಿಸಿಕೊಂಡು, ಪ್ರವಾಸಕ್ಕೆ ಎರಡು ತಿಂಗಳು ಮುಂಚಿತವಾಗಿಯೇ ಲಕ್ಷದ್ವೀಪ ಆಡಳಿತದ ಕಚೇರಿಯಿಂದ ಅಂದಿನ ನಿಯಮಗಳನ್ನು ತಿಳಿದುಕೊಂಡು ಅರ್ಜಿ ಹಾಕತಕ್ಕದ್ದು. ಅನುಮತಿಯು ಕೈಗೆ ಬಂದ ಮೇಲೆಯೇ ಪ್ರಯಾಣಕ್ಕೂ ವಸತಿಗೂ ಮುಂಗಡ ಕಳೆದು ಉಳಿದ ಹಣವನ್ನು ತೆರುವುದು ಲೇಸು. ಮೀನುಬೇಟೆಗೆ ಹೋಗುವ ಉದ್ದೇಶವನ್ನು ವಸತಿಗೃಹದವರಿಗೆ ಮೊದಲೇ ಬರೆದು ತಿಳಿಸಿ, ದೋಣಿಗೂ ಬೇಟೆಗೂ ಬೇಕಾದ ಒಪ್ಪಿಗೆಯನ್ನು ಅವರ ಮೂಲಕವೇ ಪಡೆಯಬೇಕು.

ಮುಖ್ಯ ದಾರಿಗಳು ಎರಡು. ಕೊಚ್ಚಿಯಿಂದ ಅಗತ್ತಿಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ಪ್ರಯಾಣ. ಕೊಚ್ಚಿಯ ಬಂದರದಿಂದ ಹಡಗಿನಲ್ಲಾದರೆ ದ್ವೀಪದ ದೂರಕ್ಕನುಸಾರವಾಗಿ 14ರಿಂದ 18 ಗಂಟೆಗಳವರೆಗೆ ಹಿಡಿಯುತ್ತದೆ. ಸಣ್ಣ ವಿಮಾನಗಳಲ್ಲಿ ಸಾಮಾನಿನ ಮಿತಿ ಕಟ್ಟುನಿಟ್ಟಾಗಿರುವುದರಿಂದ, ಉದ್ದನೆಯ ಗಾಳದ ಕೋಲನ್ನು ಒಯ್ಯುವವರಿಗೆ ಹಡಗೇ ಅನುಕೂಲ. ಹಲವು ತುಂಡುಗಳಾಗಿ ಬಿಡಿಸಬಲ್ಲ ಕೋಲು ಉಳ್ಳವರು ಮಾತ್ರ ವಿಮಾನವನ್ನು ನೆಚ್ಚಬಹುದು. ಕಡಲರೋಗಕ್ಕೆ ಒಳಗಾಗುವವರು ವೈದ್ಯರ ಸಲಹೆ ಪಡೆದು, ದೋಣಿ ಏರುವ ಮುನ್ನವೇ ಔಷಧವನ್ನು ಸೇವಿಸಬೇಕು. ವಾಕರಿಕೆ ಆರಂಭವಾದ ಮೇಲೆ ಅದರಿಂದ ಪ್ರಯೋಜನವು ಅತ್ಯಲ್ಪ.

ಯಾವ ದ್ವೀಪ?

ಅಗತ್ತಿಯು ವಿಮಾನನಿಲ್ದಾಣವುಳ್ಳ ದ್ವೀಪವಾದುದರಿಂದ ಮೊದಲ ಸಲ ಹೋಗುವವರಿಗೆ ಸುಲಭ. ಅಲ್ಲಿಂದ ದೋಣಿಯಲ್ಲಿ ಬಂಗಾರಮ್ ಮತ್ತು ತಿನ್ನಕರಗಳನ್ನು ತಲುಪಬಹುದು. ಕಡಮತ್ ಉದ್ದನೆಯ, ಶಾಂತವಾದ ದ್ವೀಪ. ಹವಳದ ದಿಬ್ಬದ ಒಳಗಣ ತಿಳಿನೀರಿನಲ್ಲಿ ಮಕ್ಕಳೊಡನೆ ಕಾಲ ಕಳೆಯಬಯಸುವವರಿಗೆ ಹೇಳಿಮಾಡಿಸಿದ ಸ್ಥಳ. ದಕ್ಷಿಣದ ತುದಿಯಲ್ಲಿರುವ ಮಿನಿಕಾಯಿಯ ಸ್ವಭಾವವೇ ಬೇರೆ: ಉಳಿದ ದ್ವೀಪಗಳಲ್ಲಿ ಮಲಯಾಳದ ಒಂದು ಬಗೆಯನ್ನು ಆಡಿದರೆ ಇಲ್ಲಿಯವರು ಮಾಲ್ದೀವಿಗೆ ಹತ್ತಿರವಾದ ಮಹಲ್ ನುಡಿಯುತ್ತಾರೆ, 1885ರ ದೀಪಸ್ತಂಭವೊಂದು ಇಂದಿಗೂ ಇಲ್ಲಿದೆ, ಟ್ಯೂನಾ ಬೇಟೆಯ ತವರೂ ಇದೇ. ಗಾಳವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋಗುವವರು ದೂರವನ್ನು ಲೆಕ್ಕಿಸದೆ ಮಿನಿಕಾಯಿಯನ್ನು ಆರಿಸಿಕೊಳ್ಳಲಿ.

ಬೇಟೆಯ ಬಗೆ

ಅಲ್ಲಿಯ ಬೆಸ್ತರ ಕೆಲಸವು ಬೆಳಗಿನಲ್ಲಿ ಹವಳದ ದಿಬ್ಬದ ಒಳಗಡೆ ಆರಂಭವಾಗುತ್ತದೆ. ಬೆರಳುದ್ದದ, ಬೆಳ್ಳಿಯಂತೆ ಮಿನುಗುವ ಎರೆಮೀನುಗಳನ್ನು ಬಲೆಯಿಂದ ಎತ್ತಿ, ದೋಣಿಯ ಹೊಟ್ಟೆಯಲ್ಲಿ ರಂಧ್ರಗಳ ಮೂಲಕ ಕಡಲನೀರು ಸದಾ ಹರಿದಾಡುವ ತೊಟ್ಟಿಯಲ್ಲಿ ಅವನ್ನು ಜೀವಂತವಾಗಿ ಇಟ್ಟುಕೊಳ್ಳುತ್ತಾರೆ. ತರುವಾಯ ಹೊರಗಡಲಿಗೆ ಹೋಗಿ, ನೀರಿನ ಮೇಲೆ ಗುಂಪುಗಟ್ಟಿ ಎರಗುತ್ತಿರುವ ಕಡಲಹಕ್ಕಿಗಳನ್ನು ಹುಡುಕುತ್ತಾರೆ. ಹಕ್ಕಿಗಳ ಕೆಳಗೆ ಚೂರ ಎಂದು ಅವರು ಕರೆಯುವ ಟ್ಯೂನಾಗಳ ಹಿಂಡು ಇರುತ್ತದೆ. ಒಬ್ಬನು ಎರೆಮೀನುಗಳನ್ನು ಎರಚುತ್ತಾನೆ. ದೋಣಿಯ ಹಿಂಬದಿಯಿಂದ ನೀರನ್ನು ಮಳೆಯಾಗಿ ಚಿಮ್ಮಿಸಲಾಗುತ್ತದೆ. ಆ ತುಂತುರಿನಿಂದ ಕಲಕಿದ ನೀರಿನಲ್ಲಿ ಎರೆಮೀನಿನ ದೊಡ್ಡ ಹಿಂಡೇ ಇದೆಯೆಂದು ಭ್ರಮಿಸಿದ ಟ್ಯೂನಾಗಳು ಸಿಕ್ಕಿದುದನ್ನು ಕಚ್ಚತೊಡಗಿದಾಗ, ಹಿಂಬದಿಯ ಕಟ್ಟೆಯ ಮೇಲೆ ಸಾಲಾಗಿ ನಿಂತವರು ಕೋಲುಗಳನ್ನು ಬೀಸುತ್ತಾರೆ. ಗಾಳಕ್ಕೆ ಹಿಮ್ಮುಳ್ಳಿಲ್ಲ, ಆದಕಾರಣ ಮೀನು ತಲೆಯ ಮೇಲಿಂದ ಹಾರಿಬಂದು ದೋಣಿಯೊಳಗೆ ತಾನಾಗಿಯೇ ಕಳಚಿ ಬೀಳುತ್ತದೆ, ಗಾಳವು ಕ್ಷಣದಲ್ಲಿ ಮತ್ತೆ ನೀರಿಗೆ ಇಳಿಯುತ್ತದೆ. ಒಂದು ಗಾಳಕ್ಕೆ ಒಂದೇ ಮೀನಾದುದರಿಂದ, ಆಮೆಯಾಗಲಿ ಡಾಲ್ಫಿನ್ನಾಗಲಿ ಇದರಲ್ಲಿ ಸಿಕ್ಕಿ ಸಾಯುವ ಸಂಭವ ಬಹಳ ವಿರಳ. ಹೀಗೆ ಹಿಡಿದ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಿಗೆ ಒಣಗಿಸಿದರೆ ಮರದಂತೆ ಗಟ್ಟಿಯಾದ ಮಾಸ್ ಆಗುತ್ತದೆ.

ಅತಿಥಿಯು ಈ ದೋಣಿಯಲ್ಲಿ ನೋಡುಗನಾಗಿ ಹೋಗುವುದೇ ಉಚಿತ. ಮೀನು ಏರುವ ಹೊತ್ತಿನಲ್ಲಿ ಅಡ್ಡ ನಿಂತರೆ ಅವರ ದಿನದ ಕೂಲಿಗೇ ಧಕ್ಕೆ. ಸ್ವಂತ ಬೇಟೆಗೆ ಪ್ರತ್ಯೇಕವಾದ ದೋಣಿಯನ್ನು ಗೊತ್ತುಮಾಡಿಕೊಂಡು, ದಿಬ್ಬದ ಹೊರಗಿನ ಆಳದಲ್ಲಿ ಟ್ರೆವಲಿ, ಬರಾಕುಡಾ, ಹಳದಿ ರೆಕ್ಕೆಯ ಟ್ಯೂನಾಗಳಿಗಾಗಿ ದಾರ ಬಿಡಬಹುದು. ಹವಳದ ನಡುವಣ ಮೀನುಗಳ ಗೊಡವೆ ಬೇಡ. 1998, 2010 ಮತ್ತು 2016ರಲ್ಲಿ ಕಡಲು ಬಿಸಿಯೇರಿ ಹವಳಗಳು ಬಿಳಿಚಿ ಸತ್ತು ಈ ದಿಬ್ಬಗಳಿಗೆ ಬಲವಾದ ಪೆಟ್ಟು ಬಿದ್ದಿದೆ. ಎರೆಮೀನು ಆಶ್ರಯಿಸಿರುವುದು ಆ ಹವಳವನ್ನೇ ಆದುದರಿಂದ, ಹವಳವು ಅಳಿದರೆ ಟ್ಯೂನಾ ಬೇಟೆಯೂ ಕುಂದುತ್ತದೆ.

ಸಾಮಗ್ರಿ ಮತ್ತು ನಡತೆ

ಉಪ್ಪುನೀರಿಗೆ ತುಕ್ಕುಹಿಡಿಯದ ರಾಟೆ, ಹಿಮ್ಮುಳ್ಳನ್ನು ಒತ್ತಿ ಮಡಚಿದ ಗಾಳಗಳು, ಗಾಳ ಬಿಡಿಸುವ ಇಕ್ಕಳ, ಕೈಗವಸು, ಉದ್ದ ತೋಳಿನ ಹತ್ತಿಯ ಅಂಗಿ, ಅಗಲ ಅಂಚಿನ ಟೋಪಿ, ಹವಳದ ಮೇಲೆ ನಡೆಯುವಾಗ ಕಾಲನ್ನು ಕಾಪಾಡುವ ರಬ್ಬರಿನ ಪಾದರಕ್ಷೆ, ಇವಿಷ್ಟು ಸಾಕು. ದ್ವೀಪಗಳಲ್ಲಿ ಬಿಡಿಭಾಗಗಳು ದೊರೆಯುವುದು ಕಷ್ಟವಾದ ಕಾರಣ, ದಾರವನ್ನೂ ಗಾಳಗಳನ್ನೂ ಹೆಚ್ಚಾಗಿಯೇ ಒಯ್ಯಬೇಕು. ಜೀವರಕ್ಷಕ ಅಂಗಿಯಿಲ್ಲದ ದೋಣಿಯನ್ನು ಏರಲೇಬಾರದು.

ದ್ವೀಪವಾಸಿಗಳು ಬಹುತೇಕ ಮುಸಲ್ಮಾನರು. ಶುಕ್ರವಾರದ ನಮಾಜಿನ ಹೊತ್ತಿಗೆ ದೋಣಿಯನ್ನು ಕೇಳದಿರುವುದೂ, ಊರೊಳಗೆ ಮೈತುಂಬ ಉಡುವುದೂ ಸೌಜನ್ಯ. ಮದ್ಯವನ್ನು ಜೊತೆಗೆ ಒಯ್ಯಬಾರದು. ಹವಳದ ಚೂರನ್ನಾಗಲಿ ಕಡಲಸೌತೆ ಎಂಬ ಜೀವಿಯನ್ನಾಗಲಿ ಎತ್ತಿಕೊಂಡು ಬರುವುದು ಅಪರಾಧ. ನೆಲದಡಿಯ ಸಿಹಿನೀರು ತೀರ ವಿರಳವಾಗಿರುವ ಆ ನೆಲದಲ್ಲಿ ಸ್ನಾನಕ್ಕೂ ಸಾಮಾನು ತೊಳೆಯುವುದಕ್ಕೂ ನೀರನ್ನು ಹಿತಮಿತವಾಗಿ ಬಳಸಬೇಕು. ಕೊನೆಯದಾಗಿ, ಮೊದಲ ದಿನ ದೋಣಿ ಏರುವಾಗಲೇ, ರಾತ್ರಿಯ ಊಟಕ್ಕೆ ಎಷ್ಟು ಮೀನು ಬೇಕೆಂಬುದನ್ನು ದೋಣಿಯವರೊಡನೆ ನಿಶ್ಚಯಿಸಿಕೊಂಡು, ಅಷ್ಟು ಸಿಕ್ಕಿದೊಡನೆ ಉಳಿದುದನ್ನು ನೀರಿನಿಂದ ಮೇಲೆತ್ತದೆಯೇ ಬಿಡಿಸಿ ಕಳುಹಿಸುವ ನಿಯಮವನ್ನು ಇಟ್ಟುಕೊಳ್ಳಿ. ಗಾಳದಿಂದ ಒಂದೊಂದೇ ಮೀನನ್ನೆತ್ತಿ ತಲೆತಲಾಂತರದಿಂದ ಬಾಳುತ್ತ ಬಂದ ಜನರ ಕಡಲಿಗೆ ಅತಿಥಿಯು ಸಲ್ಲಿಸಬಹುದಾದ ಗೌರವವು ಇದಕ್ಕಿಂತ ದೊಡ್ಡದಿಲ್ಲ.