ಮೆಂಗನ ತಾಯಿಯ ಮೂರು ಮನೆಗಳು

ಚೀನೀಯರ ಸಾಹಿತ್ಯದಲ್ಲಿ ನಾಲ್ಕೇ ಅಕ್ಷರಗಳೊಳಗೆ ಒಂದು ಕಥೆಯನ್ನು ಅಡಗಿಸುವ ನುಡಿಗಟ್ಟುಗಳು ಬಹಳವುಂಟು. ಅವುಗಳಲ್ಲಿ ‘ಮೆಂಗ್ ಮು ಸಾನ್ ಛಿಯೆನ್’ ಎಂಬದೊಂದನ್ನು ನಾವು ಇಲ್ಲಿ ವಿಚಾರಿಸುವೆವು. ಮೆಂಗನ ತಾಯಿ ಮೂರು ಸಾರಿ ಮನೆ ಬದಲಿಸಿದಳೆಂದು ಇದರ ಅರ್ಥ. ಮೆಂಗನು ಕ್ರಿ. ಪೂ. 4ನೆಯ ಶತಮಾನದ ತತ್ತ್ವಜ್ಞಾನಿ; ಪಾಶ್ಚಾತ್ಯರು ಅವನನ್ನು ಮೆನ್ಸಿಯಸ್ ಎನ್ನುವರು.

ಕ್ರಿ. ಪೂ. 1ನೆಯ ಶತಮಾನದಲ್ಲಿ ಲಿಯೂ ಷಿಯಾಂಗನು ಸಂಗ್ರಹಿಸಿದ ಸ್ತ್ರೀಚರಿತ್ರೆಗಳಲ್ಲಿ ಈ ಕಥೆ ಇರುವದು. ಮೊದಲನೆಯ ಮನೆ ಸ್ಮಶಾನದ ಬಳಿಯಲ್ಲಿದ್ದುದರಿಂದ ಹುಡುಗನು ಹೆಣ ಹೂಳುವ ಆಟವನ್ನೇ ಆಡಿದನು. ಪೇಟೆಯ ಹತ್ತಿರಕ್ಕೆ ಹೋದರೆ ವರ್ತಕರಂತೆ ಸರಕು ಮಾರುವ ಆಟ ಹೂಡಿದನು. ಕಡೆಗೆ ಪಾಠಶಾಲೆಯ ಮಗ್ಗುಲಲ್ಲಿ ನೆಲಸಲು, ಅಲ್ಲಿಯ ವಿನಯದ ವಂದನೆಗಳನ್ನು ಅನುಕರಿಸತೊಡಗಿದನು. ಲೆಕ್ಕವಿಟ್ಟರೆ ಮನೆ ಮೂರು, ಬದಲಿಸಿದ್ದು ಎರಡೇ ಸಾರಿ. ನುಡಿಗಟ್ಟು ಲೆಕ್ಕಕ್ಕೆ ಬಗ್ಗುವದಿಲ್ಲ.

ನಮ್ಮ ಮನಸ್ಸಿಗೆ ಹೆಚ್ಚು ನಾಟುವದು ಅದರ ಮುಂದಿನ ಸಂಗತಿ. ಓದು ಎಲ್ಲಿಯ ವರೆಗೆ ಬಂತೆಂದು ತಾಯಿ ಕೇಳಲು, ಮಗನು ಮೊದಲಿನಂತೆಯೇ ಇರುವದೆಂದನು. ಆಕೆಯು ಕತ್ತಿಯನ್ನು ತಕ್ಕೊಂಡು, ತಾನು ನೇಯುತ್ತಿದ್ದ ಬಟ್ಟೆಯನ್ನು ಕತ್ತರಿಸಿಬಿಟ್ಟಳು. ನೇಯ್ದು ಬದುಕುವವಳು ನೇಯ್ಗೆಯನ್ನು ನಡುವೆ ಬಿಟ್ಟರೆ ಮನೆಯವರಿಗೆ ಅನ್ನವಸ್ತ್ರಗಳಿರವು. ಓದನ್ನು ಬಿಡುವದೂ ಅಂಥದೇ ಎಂದು ತಿಳಿಸಿದಳು. ಅಂದಿನಿಂದ ಅವನು ಹಗಲಿರುಳು ಓದಿದನಂತೆ.

ಚೀನದ ಮಕ್ಕಳು ಶತಮಾನಗಳ ಕಾಲ ಬಾಯಿಪಾಠ ಮಾಡಿದ ‘ಮೂರಕ್ಷರದ ಪುಸ್ತಕ’ವು ಈ ಎರಡನ್ನೂ ಜೊತೆಯಾಗಿ ಹೇಳುವದು. ಮಕ್ಕಳ ವಿದ್ಯೆಗೋಸ್ಕರ ಕಷ್ಟಪಟ್ಟ ತಾಯಂದಿರನ್ನು ಹೊಗಳುವಾಗ ಬರಹಗಾರರು ಈ ನುಡಿಯನ್ನು ತರುವರು. ಒಳ್ಳೆಯ ಶಾಲೆಗಾಗಿ ಬಿಡಾರ ಬದಲಿಸುವ ಇಂದಿನವರ ವಿಷಯದಲ್ಲಿಯೂ, ಒಮ್ಮೊಮ್ಮೆ ನಗೆಯಾಗಿ, ಇದು ಬರುವದು. ನುಡಿಯಲ್ಲಿಯಾಗಲಿ ಲಿಯೂ ಷಿಯಾಂಗನ ಕಥೆಯಲ್ಲಿಯಾಗಲಿ ಆಕೆಯ ಸ್ವಂತ ಹೆಸರು ಮಾತ್ರ ಇಲ್ಲ.